ಪಾರಿವಾಳದ ಗಂಟಲುರೋಗ: ಎಷ್ಟು ಹಕ್ಕಿಯಲ್ಲಿದೆ, ಯಾವ ತಳಿಯದು?

ನಮ್ಮ ಹಳ್ಳಿಗಳಲ್ಲಿ ಪಾರಿವಾಳ ಸಾಕಣೆಯನ್ನು ಮುಖ್ಯ ಕಸುಬೆಂದು ಮಾಡುವವರು ವಿರಳ. ಮನೆಯ ಹುಡುಗರು ಪ್ರೀತಿಯಿಂದ ನಾಲ್ಕು ಜೊತೆ ತಂದು ಸೂರಿನಡಿ ಪೆಟ್ಟಿಗೆ ಕಟ್ಟುತ್ತಾರೆ. ವರ್ಷ ಕಳೆಯುವುದರಲ್ಲಿ ಅದು ಇಪ್ಪತ್ತು ಜೊತೆಯಾಗುತ್ತದೆ. ಮರಿಗಳನ್ನು ಸಂತೆಯಲ್ಲಿ ಮಾರಿ ಕೈಖರ್ಚಿಗೆ ಒಂದಿಷ್ಟು ಹಣವೂ ಬರುತ್ತದೆ. ಹೀಗಿರುವಾಗ ಒಂದು ಬೇಸಿಗೆಯಲ್ಲಿ, ಎರಡು ವಾರದ ಮರಿಗಳು ಗೂಡಿನಲ್ಲೇ ಒಂದರ ಹಿಂದೆ ಒಂದು ಸಾಯತೊಡಗುತ್ತವೆ. ಬಾಯಿ ತೆರೆದು ನೋಡಿದರೆ ಗಂಟಲಲ್ಲಿ ಗಿಣ್ಣಿನಂಥ ಹಳದಿ ಗಡ್ಡೆ. ಮರಿಗಳ ತಂದೆತಾಯಿ ಮಾತ್ರ ಆರೋಗ್ಯವಾಗಿ ಹಾರಾಡಿಕೊಂಡಿರುತ್ತವೆ. ದೃಷ್ಟಿಯಾಯಿತೆಂದೋ ಗಾಳಿ ಸೋಕಿತೆಂದೋ ಸಮಾಧಾನ ಮಾಡಿಕೊಳ್ಳುವುದುಂಟು. ಇನ್ನು ಕೆಲವರು ಔಷಧಿ ಅಂಗಡಿಯಿಂದ ಮನುಷ್ಯರ ಮಾತ್ರೆ ತಂದು ಅರೆದು ನೀರಿಗೆ ಹಾಕುತ್ತಾರೆ.

ಈ ರೋಗಕ್ಕೆ ಕಾರಣ ಕಣ್ಣಿಗೆ ಕಾಣದ ಒಂದು ಏಕಕೋಶ ಜೀವಿ. ಇದರ ವಿಷಯದಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಮೊದಲನೆಯದು, ಈ ಜೀವಿ ಎಷ್ಟು ಹಕ್ಕಿಗಳಲ್ಲಿದೆ? ಎರಡನೆಯದು, ಇರುವುದು ಯಾವ ತಳಿಯದು? ಈ ಎರಡನ್ನೂ ಒಂದೇ ಎಂದು ತಿಳಿದಾಗಲೇ ತಪ್ಪು ಚಿಕಿತ್ಸೆ ನಡೆಯುತ್ತದೆ. ಕಾಳು, ಕಣ ಮತ್ತು ನೀರಿನ ಮೂಲಕ ಹರಡುವ ರೋಗವಾದ್ದರಿಂದ ಬೇಸಾಯಶಾಸ್ತ್ರ ಕಲಿಸುವವನಿಗೂ ಇದರಲ್ಲಿ ಹೇಳುವ ಮಾತುಗಳಿವೆ.

ರೋಗಾಣುವಿನ ಪರಿಚಯ

ಈ ಜೀವಿಯ ಹೆಸರು ಟ್ರೈಕೊಮೊನಾಸ್ ಗ್ಯಾಲಿನೇ. ಇದು ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ಮಲೇರಿಯದ ರೋಗಾಣುವಿನಂತೆ ಇದೂ ಪ್ರೋಟೋಜೋವಾ ಎಂಬ ಆದಿಜೀವಿಗಳ ಪೈಕಿ ಒಂದು. ಇಟಲಿಯ ರಿವೋಲ್ಟಾ ಎಂಬ ವಿಜ್ಞಾನಿ 1878ರಲ್ಲಿ ಇದನ್ನು ವರ್ಣಿಸಿದರು. ಈಗ ಬಳಕೆಯಲ್ಲಿರುವ ಹೆಸರನ್ನು 1938ರಲ್ಲಿ ಸ್ಥಿರಪಡಿಸಿದವರು ಅಮೆರಿಕದ ರಾಬರ್ಟ್ ಸ್ಟೇಬ್ಲರ್. ಸೂಕ್ಷ್ಮದರ್ಶಕದಲ್ಲಿ ಇದು ಸೀಬೆಕಾಯಿಯ ಆಕಾರದಲ್ಲಿ ಕಾಣುತ್ತದೆ. ಉದ್ದ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ಮುಂದೆ ನಾಲ್ಕು ಚಾವಟಿಗಳು, ಪಕ್ಕದಲ್ಲಿ ಅಲೆಯಂತೆ ಆಡುವ ಒಂದು ಪೊರೆ. ಇವುಗಳಿಂದ ತಡವರಿಸುತ್ತಾ ಈಜಾಡುತ್ತದೆ.

ಇದರ ವಾಸ ಹಕ್ಕಿಯ ಬಾಯಿ, ಗಂಟಲು ಮತ್ತು ಕಾಳು ತಿಂದಾಗ ಉಬ್ಬುವ ಗಂಟಲಚೀಲದಲ್ಲಿ. ಗಮನಿಸಬೇಕಾದ ಅಂಶವೆಂದರೆ, ಒಣ ಪರಿಸ್ಥಿತಿಯನ್ನು ತಡೆದುಕೊಳ್ಳುವ ಗಟ್ಟಿ ಚಿಪ್ಪು ಇದಕ್ಕಿಲ್ಲ. ಕೋಳಿಯ ರಕ್ತಭೇದಿಗೆ ಕಾರಣವಾದ ಕಾಕ್ಸಿಡಿಯಾ ನೆಲದಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಇದಾದರೋ ಒಣಗಿದರೆ ಬೇಗನೆ ಸಾಯುತ್ತದೆ. ಒದ್ದೆಯಾದ ಕಾಳಿನಲ್ಲಿ ಮಾತ್ರ ಐದು ದಿನಗಳವರೆಗೂ ಜೀವಂತವಾಗಿರುವುದು ಪ್ರಯೋಗಗಳಿಂದ ಕಂಡುಬಂದಿದೆ. ಕೊಳೆ ಸೇರಿದ ನೀರಿನಲ್ಲಿಯೂ ಹಲವು ಗಂಟೆ ಉಳಿಯುತ್ತದೆ. ಶತ್ರುವಿನ ಈ ದೌರ್ಬಲ್ಯವನ್ನು ಹಿಡಿದುಕೊಂಡರೆ ಹತೋಟಿಯ ಅರ್ಧ ಕೆಲಸ ಆದಂತೆ.

ಹರಡುವ ಬಗೆ

ಪಾರಿವಾಳ ಸಾಮಾನ್ಯವಾಗಿ ಎರಡು ಮೊಟ್ಟೆ ಇಟ್ಟು 17-18 ದಿನ ಕಾವು ಕೊಡುತ್ತದೆ. ಮರಿ ಹೊರಬಂದ ಮೇಲೆ ಮೊದಲ ಕೆಲವು ದಿನ ಗಂಡು ಹೆಣ್ಣು ಎರಡೂ ತಮ್ಮ ಗಂಟಲಚೀಲದಲ್ಲಿ ಉತ್ಪತ್ತಿಯಾಗುವ ಹಾಲಿನಂಥ ಗಟ್ಟಿ ಆಹಾರವನ್ನು ಮರಿಯ ಬಾಯಿಗೆ ಉಣಿಸುತ್ತವೆ. ರೋಗಾಣು ಇರುವುದೂ ಅದೇ ಚೀಲದಲ್ಲಿ. ಆದ್ದರಿಂದ ತಂದೆಯಲ್ಲಿರಲಿ ತಾಯಿಯಲ್ಲಿರಲಿ, ಮರಿಗೆ ಮೊದಲ ತುತ್ತಿನೊಡನೆಯೇ ಸೋಂಕು ತಗಲಬಹುದು.

ಎರಡನೆಯ ದಾರಿ ನೀರು. ಕೋಳಿ ಒಂದು ಗುಟುಕು ತೆಗೆದುಕೊಂಡು ತಲೆಯೆತ್ತಿ ನುಂಗುತ್ತದೆ. ಪಾರಿವಾಳ ಹಾಗಲ್ಲ, ಕೊಕ್ಕನ್ನು ಪೂರ್ತಿ ಮುಳುಗಿಸಿ ತಲೆ ಎತ್ತದೆ ಹೀರುತ್ತದೆ. ಬಾಯಿಯ ಜೊಲ್ಲು ನೀರಿನಲ್ಲಿ ಬೆರೆಯುತ್ತದೆ. ಮೂರನೆಯದು ಕಾಳು. ಗಂಟಲು ನೋಯುವ ಹಕ್ಕಿ ಕಾಳನ್ನು ಎತ್ತಿಕೊಂಡು ನುಂಗಲಾರದೆ ಮತ್ತೆ ಬೀಳಿಸುತ್ತದೆ. ಅದನ್ನು ಇನ್ನೊಂದು ಹಕ್ಕಿ ತಿನ್ನುತ್ತದೆ. ನಾಲ್ಕನೆಯ ದಾರಿ ಪಾರಿವಾಳವನ್ನು ಬೇಟೆಯಾಡುವ ಹಕ್ಕಿಗಳದು. ರೋಗಪೀಡಿತ ಪಾರಿವಾಳ ತಿಂದ ಡೇಗೆ, ಗಿಡುಗಗಳಿಗೂ ಗಂಟಲುಹುಣ್ಣು ಬರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಪಾರಿವಾಳದ ವಿನೋದಕ್ಕೂ ಡೇಗೆಯ ಬೇಟೆಗೂ ಬೇರೆಬೇರೆ ಪ್ರಕರಣಗಳಿವೆ. ಈ ಎರಡೂ ಹಕ್ಕಿಗಳನ್ನು ನಮ್ಮ ನಾಡಿನವರು ಬಹಳ ಹಿಂದಿನಿಂದ ಸಾಕುತ್ತಾ ಬಂದವರು.

ಕಡೂರು, ತರೀಕೆರೆ ಮತ್ತು ಅಜ್ಜಂಪುರದ ಸೀಮೆಯಲ್ಲಿ ನೀರಿನ ದಾರಿಯೇ ಹೆಚ್ಚು ಎಚ್ಚರಿಕೆ ಬೇಡುವಂಥದು. ಕಡೂರಿನ ಬಯಲು ಬಾಬಾಬುಡನ್ ಗಿರಿಯ ಮಳೆನೆರಳಿನಲ್ಲಿದೆ. ಬೇಸಿಗೆಯಲ್ಲಿ ಸಣ್ಣ ಕಟ್ಟೆಗಳು ಒಣಗಿದಾಗ ಮನೆಯಂಗಳದ ತೊಟ್ಟಿ, ದನದ ಬಾನಿ, ಕೊಳವೆ ಬಾವಿಯ ಗುಂಡಿ ಇವೇ ಹಕ್ಕಿಗಳಿಗೆ ಆಸರೆ. ಸಾಕಿದ ಪಾರಿವಾಳ, ಹಳೆಯ ಬಾವಿಯ ಕಲ್ಲುಸಂದಿನ ಕಾಡು ಪಾರಿವಾಳ, ಹೊಲದ ಬೆಳವ, ಮನೆಯ ಕೋಳಿ ಎಲ್ಲವೂ ಒಂದೇ ಬಾನಿಗೆ ಕೊಕ್ಕು ಹಾಕುತ್ತವೆ. ಅಜ್ಜಂಪುರದ ಕರಿಭೂಮಿಯಲ್ಲಾಗಲಿ, ತರೀಕೆರೆಯ ನೀರಾವರಿ ಭಾಗದಲ್ಲಾಗಲಿ ಸುಗ್ಗಿಯ ಕಾಲದಲ್ಲಿ ಕಣದ ಸುತ್ತ ಉದುರಿದ ಕಾಳಿಗೆ ಇವೇ ಹಕ್ಕಿಗಳು ಗುಂಪಾಗಿ ಇಳಿಯುತ್ತವೆ. ಅಕಾಲ ಮಳೆಗೆ ಕಾಳು ನೆನೆದರೆ ಅಪಾಯ ಇನ್ನೂ ಹೆಚ್ಚು.

ರೋಗಲಕ್ಷಣಗಳು

ಸೋಂಕು ತಗಲಿದ ಮರಿ ಮಂಕಾಗಿ ಗರಿ ಕೆದರಿಕೊಂಡು ಕೂರುತ್ತದೆ. ಬಾಯಿಯಿಂದ ಲೋಳೆ ಸುರಿಯುತ್ತದೆ, ಕೆಟ್ಟ ವಾಸನೆ ಬರುತ್ತದೆ. ನಾಲಿಗೆಯ ಬುಡದಲ್ಲಿ, ಅಂಗುಳಿನಲ್ಲಿ, ಗಂಟಲಿನಲ್ಲಿ ಹಳದಿ ಚುಕ್ಕೆಗಳು ಮೂಡಿ ಕ್ರಮೇಣ ಕೂಡಿಕೊಂಡು ಗಡ್ಡೆಯಾಗುತ್ತವೆ. ನುಂಗಲಾಗದೆ, ಕೆಲವೊಮ್ಮೆ ಉಸಿರಾಡಲೂ ಆಗದೆ ಮರಿ ಸೊರಗಿ ಸಾಯುತ್ತದೆ. ತೀವ್ರ ತಳಿಯಾದರೆ ರೋಗಾಣು ಪಿತ್ತಜನಕಾಂಗಕ್ಕೂ ಇಳಿದು ಅಲ್ಲಿ ಹಳದಿ ಮಚ್ಚೆಗಳನ್ನು ಉಂಟುಮಾಡುತ್ತದೆ.

ಆದರೆ ಬಾಯಿಯ ಹಳದಿ ಪೊರೆಯೆಲ್ಲ ಇದೇ ರೋಗವಲ್ಲ. ಪಾರಿವಾಳದ ಸಿಡುಬಿನಲ್ಲಿಯೂ ಬಾಯೊಳಗೆ ಇಂಥದೇ ಪೊರೆ ಕಟ್ಟುತ್ತದೆ. ಆಗ ಕಣ್ಣು ಕೊಕ್ಕುಗಳ ಸುತ್ತ, ಕಾಲಿನ ಮೇಲೆ ಗುಳ್ಳೆಗಳಿವೆಯೇ ನೋಡಬೇಕು. ಬೂಷ್ಟು ಸೋಂಕಿನಲ್ಲಿ ಮತ್ತು ಎ ಜೀವಸತ್ವದ ಕೊರತೆಯಲ್ಲಿಯೂ ಬಿಳಿ ಮಚ್ಚೆಗಳು ಕಾಣುತ್ತವೆ. ಚಪ್ಪಟೆ ನೊಣ ಕಚ್ಚುವುದರಿಂದ ಬರುವ ಹೀಮೊಪ್ರೋಟಿಯಸ್ ಎಂಬ ಇನ್ನೊಂದು ಆದಿಜೀವಿ ಪಾರಿವಾಳದ ರಕ್ತದಲ್ಲಿರುತ್ತದೆ. ಅದಕ್ಕೆ ಗಂಟಲಿನ ಗಡ್ಡೆಯ ಸಂಬಂಧವಿಲ್ಲ. ಆದ್ದರಿಂದ ಪರೀಕ್ಷೆಯಿಲ್ಲದೆ ರೋಗವನ್ನು ನಿರ್ಧರಿಸಬಾರದು.

ಮೊದಲನೆಯ ಪ್ರಶ್ನೆ: ಎಷ್ಟು ಹಕ್ಕಿಗಳಲ್ಲಿದೆ?

ಹಲವು ದೇಶಗಳಲ್ಲಿ ಪಾರಿವಾಳಗಳನ್ನು ಹಿಡಿದು ಪರೀಕ್ಷಿಸಿದ್ದಾರೆ. ಕೆಲವು ಕಡೆ ನೂರಕ್ಕೆ ಹತ್ತಕ್ಕಿಂತ ಕಡಿಮೆ ಹಕ್ಕಿಗಳಲ್ಲಿ ಈ ಜೀವಿ ಕಂಡರೆ, ಕೆಲವು ಕಡೆ ನೂರಕ್ಕೆ ತೊಂಬತ್ತರಲ್ಲಿ ಕಂಡಿದೆ. ಹೀಗೆ ಸೋಂಕು ಹೊತ್ತ ಬಹುಪಾಲು ದೊಡ್ಡ ಹಕ್ಕಿಗಳು ನೋಡಲು ಆರೋಗ್ಯವಾಗಿಯೇ ಇರುತ್ತವೆ. ಅಂದರೆ ಸೋಂಕು ಬೇರೆ, ರೋಗ ಬೇರೆ. ಹೊಲದ ಮಣ್ಣಿನಲ್ಲಿ ಬೂಷ್ಟಿನ ಬೀಜಾಣು ಇದ್ದ ಮಾತ್ರಕ್ಕೆ ಪೈರೆಲ್ಲ ಬಾಡುವುದಿಲ್ಲವಷ್ಟೆ. ಇದೂ ಹಾಗೆಯೇ.

ವಿಸ್ತರಣಾ ಕಾರ್ಯಕರ್ತರು ಮತ್ತು ಪಶುವೈದ್ಯ ಸಿಬ್ಬಂದಿ ಒಂದು ಹಳ್ಳಿಯ ಸ್ಥಿತಿಯನ್ನು ತಿಳಿಯಬೇಕಾದರೆ ವಿಧಾನ ಸುಲಭ. ಶುದ್ಧವಾದ ಹತ್ತಿಕಡ್ಡಿಯನ್ನು ಉಗುರುಬೆಚ್ಚಗಿನ ಉಪ್ಪುನೀರಿನ ದ್ರಾವಣದಲ್ಲಿ ಅದ್ದಿ, ಹಕ್ಕಿಯ ಗಂಟಲಿನಲ್ಲಿ ಮೃದುವಾಗಿ ಆಡಿಸಿ, ಗಾಜಿನ ಪಟ್ಟಿಯ ಮೇಲೆ ಸವರಿ ಕೂಡಲೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಜೀವಿ ಈಜಾಡುತ್ತಿರುವಾಗ ಗುರುತಿಸುವುದು ಸುಲಭ. ತಣ್ಣಗಾದರೆ ಚಲನೆ ನಿಂತು ಕಣ್ಣು ತಪ್ಪುತ್ತದೆ. ಆದ್ದರಿಂದ ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಕಳುಹಿಸಬಾರದು. ಈ ವಿಧಾನದಲ್ಲಿ ಕಡಿಮೆ ಸೋಂಕಿನ ಹಕ್ಕಿಗಳು ತಪ್ಪಿಹೋಗುವುದರಿಂದ, ಪೋಷಕ ದ್ರಾವಣದಲ್ಲಿ ರೋಗಾಣುವನ್ನು ಬೆಳೆಸಿ ನೋಡುವುದು ಇನ್ನೂ ಉತ್ತಮ.

ಲೆಕ್ಕದ ಬಗ್ಗೆ ಎರಡು ಮಾತು. ಆರು ಮನೆಗಳ ಗೂಡುಗಳಿಂದ ತಲಾ ಐದರಂತೆ 30 ಹಕ್ಕಿಗಳನ್ನು ನೋಡಿದೆವೆಂದು ಇಟ್ಟುಕೊಳ್ಳೋಣ. 12ರಲ್ಲಿ ರೋಗಾಣು ಕಂಡರೆ ಪ್ರಮಾಣ ನೂರಕ್ಕೆ 40. ಆದರೆ ಆ ಹನ್ನೆರಡೂ ಆರು ಮನೆಗಳಲ್ಲಿ ಹರಡಿವೆಯೋ ಮೂರೇ ಮನೆಗಳಲ್ಲಿವೆಯೋ ಎಂಬುದನ್ನು ಬರೆದಿಡಬೇಕು. ಮೂರೇ ಮನೆಗಳಲ್ಲಿದ್ದರೆ ತಪ್ಪು ಆ ಮನೆಗಳ ಬಾನಿಯಲ್ಲಿದೆಯೇ ಎಂದು ಮೊದಲು ಹುಡುಕಬೇಕು. ಇನ್ನು 30ರಲ್ಲಿ ಒಂದರಲ್ಲೂ ಕಾಣದಿದ್ದರೆ 'ನಮ್ಮೂರಿನಲ್ಲಿ ಇಲ್ಲ' ಎನ್ನುವಂತಿಲ್ಲ. 3ನ್ನು ಪರೀಕ್ಷಿಸಿದ ಹಕ್ಕಿಗಳ ಸಂಖ್ಯೆಯಿಂದ ಭಾಗಿಸಿದರೆ ನಮ್ಮ ಕಣ್ಣಿಗೆ ತಪ್ಪಿರಬಹುದಾದ ಗರಿಷ್ಠ ಪ್ರಮಾಣ ಸ್ಥೂಲವಾಗಿ ಸಿಗುತ್ತದೆ. ಇಲ್ಲಿ ಅದು ನೂರಕ್ಕೆ 10. ಪರೀಕ್ಷೆಗೆ ಸಾಕಿದ ಹಕ್ಕಿಗಳು ಸಾಕು. ಬೆಳವಗಳನ್ನು ಹಿಡಿಯುವುದು ಕಾನೂನಿಗೆ ವಿರುದ್ಧ.

ಎರಡನೆಯ ಪ್ರಶ್ನೆ: ಯಾವ ತಳಿ?

ಅಜ್ಜಂಪುರದವರಿಗೆ ತಳಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಅಲ್ಲಿನ ಕೇಂದ್ರದಲ್ಲಿ ಸಾಕುವ ಅಮೃತಮಹಲ್ ರಾಸೂ ದನವೇ, ಜರ್ಸಿಯೂ ದನವೇ. ಆದರೆ ಒಂದರ ಗುಣ ಇನ್ನೊಂದಕ್ಕಿಲ್ಲ. ಈ ರೋಗಾಣುವಿನಲ್ಲಿಯೂ ಹಾಗೆಯೇ ಸಾಧು ತಳಿಗಳಿವೆ, ಕೊಲ್ಲುವ ತಳಿಗಳಿವೆ. ಸೂಕ್ಷ್ಮದರ್ಶಕದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದು.

ಸ್ಟೇಬ್ಲರ್ ಅವರು ಇದನ್ನು ಪ್ರಯೋಗಗಳಿಂದ ತೋರಿಸಿದರು. ಕೆಲವು ತಳಿಗಳನ್ನು ಶುದ್ಧ ಪಾರಿವಾಳದ ಬಾಯಿಗೆ ಹಾಕಿದಾಗ ಏನೂ ಆಗಲಿಲ್ಲ. ಅಮೆರಿಕದ ಒಂದು ಕೊಟ್ಟಿಗೆಯ ಪಾರಿವಾಳದಿಂದ ತೆಗೆದ ಮತ್ತೊಂದು ತಳಿ ಮಾತ್ರ ಹಾಕಿದ ಹಕ್ಕಿಗಳಲ್ಲಿ ಬಹುಪಾಲನ್ನು ಕೊಂದಿತು. ಸೋಂಕು ಹತ್ತಿಸಲು ಒಂದೇ ಒಂದು ಜೀವಕೋಶ ಸಾಕೆಂಬುದನ್ನೂ ಅವರು ಮತ್ತು ಸಹೋದ್ಯೋಗಿ 1954ರಲ್ಲಿ ಪ್ರಕಟಿಸಿದರು. ಇನ್ನೂ ಮುಖ್ಯವಾದ ಸಂಗತಿ: ಮೊದಲೇ ಸಾಧು ತಳಿಯ ಸೋಂಕು ಹೊತ್ತಿದ್ದ ಹಕ್ಕಿಗಳು ಆಮೇಲೆ ಕೊಲ್ಲುವ ತಳಿ ಹೊಕ್ಕರೂ ಬಹುಮಟ್ಟಿಗೆ ಬದುಕಿಕೊಂಡವು. ಊರಿನ ಹಳೆಯ ಸೋಂಕು ಒಂದು ಬಗೆಯ ಲಸಿಕೆಯಂತೆ ಕೆಲಸ ಮಾಡಿತ್ತು.

ತಂದೆತಾಯಿ ಆರೋಗ್ಯವಾಗಿದ್ದು ಮರಿಗಳು ಮಾತ್ರ ಸಾಯುವುದಕ್ಕೆ ಇದು ಮುಖ್ಯ ಕಾರಣ. ದೊಡ್ಡ ಹಕ್ಕಿಗೆ ಹಿಂದಿನ ಸೋಂಕಿನಿಂದ ಬಂದ ತಡೆಶಕ್ತಿ ಇದೆ, ಎಳೆಯ ಮರಿಗೆ ಅದು ಇಲ್ಲ.

ರೋಗಾಣುವಿನ ವಂಶಾಭಿವೃದ್ಧಿ ಕೋಶ ಎರಡಾಗಿ ಸೀಳುವುದರಿಂದ ಆಗುತ್ತದೆ. ರೈತರ ಭಾಷೆಯಲ್ಲಿ ಹೇಳುವುದಾದರೆ ಇದು ಬೀಜದ ಬೆಳೆಯಲ್ಲ, ಬಾಳೆಯ ಕಂದಿನ ಬೆಳೆ. ಒಂದು ಬಾಳೆಯ ಕಂದುಗಳನ್ನೇ ಕಿತ್ತು ನೆಡುತ್ತಾ ಹೋದರೆ ತೋಟವೆಲ್ಲ ಒಂದೇ ಗುಣದ್ದಾಗುತ್ತದೆ. ಹಾಗೆಯೇ ಒಂದು ಕೊಲ್ಲುವ ಕೋಶದಿಂದ ಹುಟ್ಟಿದ ಕೋಟಿ ಕೋಶಗಳೂ ಕೊಲ್ಲುವ ಗುಣವನ್ನೇ ಹೊತ್ತಿರುತ್ತವೆ.

ಇಂದು ತಳಿಗಳನ್ನು ಗುರುತಿಸಲು ಹಕ್ಕಿಗೆ ಸೋಂಕು ಹತ್ತಿಸಿ ನೋಡಬೇಕಾಗಿಲ್ಲ. ರೋಗಾಣುವಿನ ಡಿಎನ್‌ಎಯ ಒಂದು ಸಣ್ಣ ತುಂಡನ್ನು ಪ್ರಯೋಗಾಲಯದಲ್ಲಿ ಲಕ್ಷಾಂತರ ಪಟ್ಟು ನಕಲು ಮಾಡಿ ಅದರ ಅಕ್ಷರಗಳನ್ನು ಓದುತ್ತಾರೆ. ಇದಕ್ಕಾಗಿ ಸಾಮಾನ್ಯವಾಗಿ ಆರಿಸುವುದು ರೈಬೊಸೋಮಿನ ವಂಶವಾಹಿಗಳ ನಡುವಿನ ಭಾಗವನ್ನು. ಬದುಕಿಗೆ ಅಗತ್ಯವಾದ ವಂಶವಾಹಿಗಳು ಸುಲಭವಾಗಿ ಬದಲಾಗವು; ನಡುವಿನ ಭಾಗದಲ್ಲಿ ಬದಲಾವಣೆಗಳು ಉಳಿದುಕೊಂಡು ತಳಿಯ ಗುರುತಾಗುತ್ತವೆ. ಹೊಲಗಳ ನಡುವಣ ಬದುವಿನ ಮೇಲೆ ಬೆಳೆದ ಗಿಡಗಳನ್ನು ನೋಡಿ ಯಾರ ಬದು ಎಂದು ಹೇಳುವಂತೆ ಇದು. ಇನ್ನೂ ಸೂಕ್ಷ್ಮವಾಗಿ ಬೇರ್ಪಡಿಸಲು ಕಬ್ಬಿಣಾಂಶದ ಹೈಡ್ರೋಜಿನೇಸ್ ಎಂಬ ಕಿಣ್ವದ ವಂಶವಾಹಿಯನ್ನೂ ಓದುತ್ತಾರೆ. ಹೀಗೆ ನೋಡಿದಾಗ ಪಾರಿವಾಳ ಮತ್ತು ಬೆಳವಗಳಲ್ಲಿ ಹಲವು ತಳಿಗಳಿರುವುದು ತಿಳಿದುಬಂದಿದೆ.

ತಳಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಕಣ್ಣು ತೆರೆಸುವಂಥದು. ಅಲ್ಲಿ ಪಾರಿವಾಳಗಳಲ್ಲಿ ಈ ಸೋಂಕು ಬಹಳ ಹಿಂದಿನಿಂದ ಇತ್ತು. 2005ರಲ್ಲಿ ಅದು ಗ್ರೀನ್‌ಫಿಂಚ್ ಎಂಬ ಗುಬ್ಬಿ ಗಾತ್ರದ ಹಸಿರು ಹಕ್ಕಿಗಳಲ್ಲಿ ಕಾಣಿಸಿಕೊಂಡಿತು. ಜನ ಹಿತ್ತಿಲುಗಳಲ್ಲಿ ಇಟ್ಟ ಕಾಳಿನ ತಟ್ಟೆ ಮತ್ತು ನೀರಿನ ಬಟ್ಟಲುಗಳ ಬಳಿ ಹಕ್ಕಿಗಳು ಸೇರುತ್ತಿದ್ದವು. ಕೆಲವೇ ವರ್ಷಗಳಲ್ಲಿ ಗ್ರೀನ್‌ಫಿಂಚ್‌ಗಳ ಸಂಖ್ಯೆ ಸುಮಾರು 43 ಲಕ್ಷದಿಂದ 28 ಲಕ್ಷಕ್ಕೆ ಇಳಿಯಿತು. ಸತ್ತ ಹಕ್ಕಿಗಳ ರೋಗಾಣುವನ್ನು ಓದಿದಾಗ ಎಲ್ಲ ಕಡೆಯೂ ಒಂದೇ ತಳಿ! ಒಂದೇ ಕಂದಿನ ಸಂತತಿ ದೇಶವನ್ನೆಲ್ಲ ಆವರಿಸಿತ್ತು. ಸೋಂಕಿನ ಪ್ರಮಾಣವನ್ನಷ್ಟೇ ಎಣಿಸುತ್ತಾ ಕುಳಿತಿದ್ದರೆ ಈ ಸತ್ಯ ಹೊರಬರುತ್ತಿರಲಿಲ್ಲ.

ನಮ್ಮ ರೈತರಿಗೆ ಇದರಿಂದ ಏನು ತಿಳಿಯಬೇಕು?

ನಿಮ್ಮ ಗೂಡಿನ ಹಕ್ಕಿಗಳಲ್ಲಿ ಸೋಂಕು ಇದ್ದು ಮರಿಗಳು ಚೆನ್ನಾಗಿ ಬೆಳೆಯುತ್ತಿದ್ದರೆ ಗಾಬರಿಯಾಗಬೇಕಿಲ್ಲ. ಎಲ್ಲ ಹಕ್ಕಿಗಳಿಗೂ ಆಗಾಗ ಔಷಧಿ ಕುಡಿಸಿ ಆ ಸಾಧು ತಳಿಯನ್ನು ತೊಳೆದುಹಾಕಿದರೆ ಗೂಡಿನ ತಡೆಶಕ್ತಿಯೇ ಕುಗ್ಗಬಹುದು. ನಿಜವಾದ ಅಪಾಯ ಸಂತೆಯಿಂದ, ದೂರದ ಊರಿನಿಂದ ತಂದ ಹೊಸ ಹಕ್ಕಿಯ ಗಂಟಲಿನಲ್ಲಿ ಬರಬಹುದಾದ ಹೊಸ ತಳಿ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಎಲ್ಲವೂ ರೈಲಿನ ದಾರಿಯಲ್ಲಿರುವ ಊರುಗಳು. ಬೆಂಗಳೂರಿನ ಹಕ್ಕಿ ಸಂಜೆಯೊಳಗೆ ನಮ್ಮ ಗೂಡಿಗೆ ಬರುವುದು ಕಷ್ಟವಲ್ಲ. ನೋಡಲು ಚೆಂದ, ಬೆಲೆ ದುಬಾರಿ ಎಂಬುದು ಅದರ ಆರೋಗ್ಯಕ್ಕೆ ಸಾಕ್ಷಿಯಲ್ಲ.

ಔಷಧಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಮೆಟ್ರೊನಿಡಜೋಲ್ ಮತ್ತು ಅದರ ಗುಂಪಿನ ಔಷಧಿಗಳು ಈ ರೋಗಾಣುವನ್ನು ಕೊಲ್ಲುತ್ತವೆ. ಆದರೆ ಅರ್ಧ ಮಾತ್ರೆ, ಕಾಲು ಮಾತ್ರೆ ಎಂದು ಅಂದಾಜಿನಲ್ಲಿ ಹಾಕಿ ಎರಡು ದಿನಕ್ಕೆ ನಿಲ್ಲಿಸಿದರೆ ಸುಲಭಕ್ಕೆ ಸಾಯುವ ಕೋಶಗಳು ಸತ್ತು ಗಟ್ಟಿ ಕೋಶಗಳು ಉಳಿಯುತ್ತವೆ. ಅವು ಕಂದಿನಂತೆ ಹಬ್ಬಿ, ಔಷಧಿಗೆ ಜಗ್ಗದ ತಳಿಯೊಂದು ನೆಲೆಯೂರುತ್ತದೆ. ಯೂರೋಪಿನ ಪಂದ್ಯದ ಪಾರಿವಾಳಗಳಲ್ಲಿ ಹೀಗೆ ಔಷಧಿಗೆ ಬಗ್ಗದ ತಳಿಗಳು ಈಗಾಗಲೇ ಸಿಕ್ಕಿವೆ. ಒಂದೇ ಕೀಟನಾಶಕವನ್ನು ಕಡಿಮೆ ಪ್ರಮಾಣದಲ್ಲಿ ಪದೇಪದೇ ಸಿಂಪಡಿಸಿ ಕಾಯಿಕೊರಕವನ್ನು ಜಗ್ಗದಂತೆ ಮಾಡಿಕೊಂಡ ಅನುಭವ ನಮ್ಮ ಹತ್ತಿ ಬೆಳೆಗಾರರಿಗೆ ಇದೆ. ಮಾಂಸಕ್ಕೆ ಸಾಕುವ ಹಕ್ಕಿಗಳಿಗೆ ಈ ಔಷಧಿಗಳನ್ನು ಕೊಡುವುದನ್ನು ಯೂರೋಪ್ ಮೊದಲಾದ ಕಡೆ ನಿಷೇಧಿಸಲಾಗಿದೆ. ಆದ್ದರಿಂದ ಔಷಧಿ, ಪ್ರಮಾಣ, ದಿನ ಮೂರನ್ನೂ ಪಶುವೈದ್ಯರೇ ಹೇಳಬೇಕು.

ಹತೋಟಿ ಕ್ರಮಗಳು

1. ನೀರಿಗೆ ಎರಡು ಪಾತ್ರೆಗಳನ್ನಿಡಿ. ಒಂದು ದಿನ ಒಂದು ಬಳಕೆಯಲ್ಲಿದ್ದರೆ ಮತ್ತೊಂದನ್ನು ಉಜ್ಜಿ ತೊಳೆದು ದಿನವಿಡೀ ಬಿಸಿಲಿಗೆ ಬೋರಲು ಹಾಕಿ. ಒಣಗುವುದೇ ಈ ರೋಗಾಣುವಿಗೆ ಮದ್ದು. ಇದಕ್ಕೆ ಖರ್ಚಿಲ್ಲ.

2. ಪಾರಿವಾಳ ಮತ್ತು ಕೋಳಿಗಳಿಗೆ ಬೇರೆಬೇರೆ ನೀರಿನ ಪಾತ್ರೆ ಇರಲಿ. ಸೀಮೆಕೋಳಿ (ಟರ್ಕಿ) ಸಾಕುವವರು ಇದನ್ನು ಕಡ್ಡಾಯವಾಗಿ ಪಾಲಿಸಬೇಕು. ಕೋಳಿಗೂ ಸೀಮೆಕೋಳಿಗೂ ಈ ಸೋಂಕು ತಗಲಬಲ್ಲದು.

3. ಕಾಳನ್ನು ನೆಲಕ್ಕೆ ಎರಚದೆ ತಟ್ಟೆಯಲ್ಲಿ, ಒಂದು ಹೊತ್ತಿಗೆ ತಿನ್ನುವಷ್ಟೇ ಹಾಕಿ. ಉಳಿದ ಕಾಳನ್ನು ತೆಗೆದುಬಿಡಿ. ಕಣದಲ್ಲಿ ಉದುರಿ ನೆನೆದ ಕಾಳನ್ನು ಗುಡಿಸಿ ಗೊಬ್ಬರದ ಗುಂಡಿಗೆ ಸೇರಿಸಿ ಮಣ್ಣು ಮುಚ್ಚಿ.

4. ಹೊಸದಾಗಿ ತಂದ ಹಕ್ಕಿಯನ್ನು ಮೂರು ನಾಲ್ಕು ವಾರ ಬೇರೆ ಗೂಡಿನಲ್ಲಿ, ಬೇರೆ ನೀರಿನಲ್ಲಿ ಇಡಿ. ಆ ಅವಧಿಯಲ್ಲಿ ಗಂಟಲು ಪರೀಕ್ಷೆ ಮಾಡಿಸಿ. ನೋಡಲು ಆರೋಗ್ಯವಾಗಿದ್ದ ಮಾತ್ರಕ್ಕೆ ಗೂಡಿಗೆ ಬಿಡಬೇಡಿ.

5. ಪ್ರತಿ ಜೊತೆಗೂ ಗುರುತು ಹಾಕಿ, ಮೊಟ್ಟೆ ಎಷ್ಟು, ಮರಿ ಎಷ್ಟು, ಸತ್ತದ್ದು ಎಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದೇ ಜೊತೆಯ ಮರಿಗಳು ಎರಡು ಮೂರು ಸೂಲು ಹೀಗೇ ಸತ್ತರೆ ಆ ಜೊತೆಯನ್ನು ಬೇರ್ಪಡಿಸಿ ಪರೀಕ್ಷೆ ಮಾಡಿಸಿ. ಎಲ್ಲ ಗೂಡುಗಳಲ್ಲೂ ಒಟ್ಟಿಗೆ ಸಾವು ಶುರುವಾದರೆ ಇತ್ತೀಚೆಗೆ ಒಳಬಂದ ಹಕ್ಕಿ ಯಾವುದು ಎಂದು ಮೊದಲು ಕೇಳಿಕೊಳ್ಳಿ.

6. ಗಂಟಲಿನ ಗಡ್ಡೆಯನ್ನು ಕಡ್ಡಿಯಿಂದ ಕಿತ್ತು ತೆಗೆಯಬೇಡಿ. ರಕ್ತ ಸುರಿದು ಮರಿ ಸಾಯುತ್ತದೆ. ರೋಗದ ಹಕ್ಕಿಯನ್ನು ಕೂಡಲೇ ಬೇರ್ಪಡಿಸಿ. ಸತ್ತ ಹಕ್ಕಿಗಳನ್ನು ಬಯಲಿಗೆ ಎಸೆಯದೆ ಆಳವಾಗಿ ಹೂಳಿ.

7. ರೋಗದ ಹಕ್ಕಿಯನ್ನು, ಸಾಧ್ಯವಾದರೆ ಬದುಕಿರುವಾಗಲೇ, ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಸಾವು ಹೆಚ್ಚಾದರೆ ಅಲ್ಲಿನ ವೈದ್ಯರ ಮೂಲಕ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದ ಸಲಹೆ ಪಡೆಯಬಹುದು.

ಈ ರೋಗಾಣು ಮನುಷ್ಯರಿಗೆ ಅಂಟುವುದಿಲ್ಲ. ಆದ್ದರಿಂದ ಮಕ್ಕಳ ಹಕ್ಕಿಗಳನ್ನು ಮನೆಯಿಂದ ಹೊರಹಾಕುವ ಅಗತ್ಯವಿಲ್ಲ. ಆದರೆ ಪಾರಿವಾಳದ ಒಣ ಹಿಕ್ಕೆಯ ಧೂಳಿನಿಂದ ಬೇರೆ ಶ್ವಾಸಕೋಶದ ಕಾಯಿಲೆಗಳು ಬರಬಲ್ಲವು. ಗೂಡು ಗುಡಿಸುವ ಮುನ್ನ ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು.

ಬಿತ್ತನೆ ಬೀಜ ತರುವಾಗ ಎಷ್ಟು ಸೇರು ಎಂಬುದರೊಡನೆ ಯಾವ ತಳಿ, ಎಲ್ಲಿಂದ ಬಂದದ್ದು ಎಂದು ಕೇಳುವುದು ನಮ್ಮ ರೈತರಿಗೆ ರೂಢಿ. ಸಂತೆಯಲ್ಲಿ ಹಕ್ಕಿ ಕೊಳ್ಳುವಾಗಲೂ ಅದೇ ಪ್ರಶ್ನೆ ಕೇಳಿ, ಮನೆಗೆ ಬಂದು ಬಾನಿಯನ್ನು ಬಿಸಿಲಿಗೆ ಬೋರಲು ಹಾಕಿದರೆ ಗೂಡಿನ ಬಹುಪಾಲು ಮರಿಗಳನ್ನು ಉಳಿಸಿಕೊಳ್ಳಬಹುದು.